ಲೈಟ್ ಹಿಡಿಯುವ ಪ್ರಮಿಲಾ ಮತ್ತು ಮೂರು ಕಣ್ಣಿನ ಮಷೀನು

ಅಫಜಲಪುರದ ಸುತ್ತಲಿನ ಹಳ್ಳಿಗಳಲ್ಲಿ ತೊಂಬತ್ತರ ಆಸುಪಾಸಿನಲ್ಲಿ ಆದ ಮದುವೆಗಳ ವಿಡಿಯೋ ಕ್ಯಾಸೆಟ್‌ಗಳಲ್ಲಿ ಪ್ರಮಿಲಾ ಎಲ್ಲಿಯೂ ಕಾಣುವುದಿಲ್ಲ. ಆದರೆ ಮದುಮಗಳ ಮುಖದ ಮೇಲೆ ಬಿದ್ದ ಬೆಳಕೆಲ್ಲ ಅವಳದೇ. ಗಂಡ ಹರಿ ಕ್ಯಾಮೆರಾವನ್ನು ಹೆಗಲಿಗೇರಿಸಿದರೆ ಅವಳು ಪಕ್ಕದಲ್ಲಿ ಲೈಟ್ ಎತ್ತಿ ಹಿಡಿಯುತ್ತಿದ್ದಳು. ಬಲಗೈ ಸೋತಾಗ ಎಡಗೈಗೆ ದಾಟಿಸುತ್ತಿದ್ದಳು. ದಾಟಿಸುವಾಗ ಬೆಳಕು ಅಲುಗುತ್ತಿರಲಿಲ್ಲ. ಮದುಮಗಳ ಕಣ್ಣೆವೆಯ ನೆರಳು ಕೂಡ ಇದ್ದಲ್ಲೇ ಇರುತ್ತಿತ್ತು.

ಅವಳ ತವರು ಕರಜಗಿ. ಅಲ್ಲಿಯ ವಿಠ್ಠಲ ಮಂದಿರದಲ್ಲಿ ವರ್ಷಕ್ಕೊಮ್ಮೆ ಸಪ್ತಾಹ. ಏಳು ದಿನ ಹಗಲಿರುಳು ಹರಿನಾಮ ನಿಲ್ಲುವಂತಿಲ್ಲ, ವೀಣೆ ನೆಲ ಮುಟ್ಟುವಂತಿಲ್ಲ. ಹಿಡಿದು ನಿಂತವನು ಸೋತರೆ ಇನ್ನೊಬ್ಬ ಬಂದು ಕೊರಳೊಡ್ಡಿ ಅದನ್ನು ತನ್ನ ಹೆಗಲಿಗೆ ತೆಗೆದುಕೊಳ್ಳುತ್ತಾನೆ. ತಂತಿಯ ನಾದ ನಡುವೆ ಕಡಿಯುವುದಿಲ್ಲ. ಮಂದಿರ ಸಣ್ಣದು, ಗಂಡಸರು ಕೂತರೆ ತುಂಬಿಹೋಗುತ್ತದೆ. ಹೆಂಗಸರು ಪಕ್ಕದ ಬೆಲ್ಲದ ಗೋದಾಮಿನಲ್ಲಿ ಕೂತು, ಗೋಡೆಯಾಚೆಯ ಕೀರ್ತನೆಯನ್ನು ಕೇಳಬೇಕು. ಚಿಕ್ಕವಳಿದ್ದಾಗ ಪ್ರಮಿಲಾ ಸೋದರತ್ತೆ ಮಥುರಾಬಾಯಿಯ ತೊಡೆಯ ಮೇಲೆ ಮಲಗಿ, ಬೆಲ್ಲದ ವಾಸನೆಯಲ್ಲಿ ಅರ್ಧ ನಿದ್ದೆಹೋಗಿ ಕೇಳುತ್ತಿದ್ದಳು.

"ಅತ್ತಿ, ಕೀರ್ತನಕಾರರು ಹೆಂಗ ಅದಾರ?"

"ಯಾರಿಗಿ ಗೊತ್ತವ್ವ. ದನಿ ಕೇಳಿದ್ರ ಎತ್ತರಕ ಇರಬೇಕು ಅನಸ್ತದ."

ಅತ್ತೆಯ ಕೂದಲು ಪೂರ್ತಿ ಬೆಳ್ಳಗಾದ ವರ್ಷ ಪ್ರಮಿಲಾ ಮಂದಿರದ ಹಿರಿಯ ದತ್ತಾತ್ರೇಯನ ಮುಂದೆ ಹೋಗಿ ನಿಂತಳು. ಒಳಗೆ ಕ್ಯಾಮೆರಾ ನಿಲ್ಲಿಸಿ ಗೋಡೆಯ ಕಿಂಡಿಯಿಂದ ವೈರ್ ಎಳೆದು ಪ್ರೊಜೆಕ್ಟರ್‌ಗೆ ಜೋಡಿಸಿದರೆ, ಗೋದಾಮಿನ ಸುಣ್ಣದ ಗೋಡೆಯ ಮೇಲೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಅದರ ಬಾಡಿಗೆಯನ್ನು ತಾನೂ ಹರಿಯೂ ಕೊಡುವುದಾಗಿ ಹೇಳಿದಳು. ದತ್ತಾತ್ರೇಯ ಬಹಳ ಹೊತ್ತು ಅಡಿಕೆ ಕತ್ತರಿಸಿದ.

"ಸಪ್ತಾಹದಾಗ ಹಚ್ಚಿದ್ದು ನಡುವ ಆರಬಾರ್ದು. ವೀಣೆಗಿ ಇದ್ದ ನೇಮ ನಿನ್ನ ಬೆಳಕಿಗೂ ಅದ. ಆರಿತಂದ್ರ ಮುಂದ ಯಾವತ್ತೂ ಆ ಮಾತು ತೆಗೀಬ್ಯಾಡ."

"ಆರಂಗಿಲ್ರಿ ಕಾಕಾ," ಎಂದಳು ಪ್ರಮಿಲಾ.

ಕಲಬುರ್ಗಿಯಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವ ಚಂದಪ್ಪನ ಅಂಗಡಿಯಲ್ಲಿ ಎರಡು ಮಷೀನುಗಳಿದ್ದವು. ಒಂದು ಹೊಸದು, ಬಿಳಿ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಸಣ್ಣದು. ಇನ್ನೊಂದು ಮುಚ್ಚಿಹೋದ ವಿಡಿಯೋ ಹಾಲಿನಿಂದ ಬಂದದ್ದು. ಟ್ರಂಕಿನಷ್ಟು ದೊಡ್ಡದು, ಮುಂದೆ ಸಾಲಾಗಿ ಮೂರು ಕಣ್ಣು, ಕೆಂಪು, ಹಸಿರು, ನೀಲಿ. ಹರಿಯ ಕೈ ಆಗಲೇ ಬಿಳಿಯದರ ಬೆನ್ನು ಸವರುತ್ತಿತ್ತು.

"ಇದನ್ನ ಒಯ್ಯೂಣು. ಆ ಕೋಣನ್ನ ಹೊರಾಕ ನಾಕು ಮಂದಿ ಬೇಕು."

"ಎರಡೂ ಹಚ್ಚರಿ," ಎಂದು ಪ್ರಮಿಲಾ ಚಂದಪ್ಪನಿಗೆ ಹೇಳಿ ರೊಟ್ಟಿಯ ಗಂಟು ಬಿಚ್ಚಿ ಕೂತಳು. ಮಧ್ಯಾಹ್ನವಾದರೂ ಏಳಲಿಲ್ಲ.

"ಏನವ್ವ, ಇಲ್ಲೇ ಸಂಸಾರ ಹೂಡ್ತಿ ಏನು?" ಎಂದ ಚಂದಪ್ಪ.

"ಮಷೀನಿನ ಗುಣ ನೋಡಾಕತ್ತೇನ್ರಿ. ಮುಂಜಾನಿ ಎಲ್ಲಾ ಸೊಸೆಂದ್ರೂ ಚೊಲೋನೇ ಇರ್ತಾರ."

ಮೂರನೆಯ ತಾಸಿಗೆ ಬಿಳಿಯದರ ಫ್ಯಾನು ಸಣ್ಣಗೆ ಅಳತೊಡಗಿತು. ಹಳೆಯದು ಬಿಸಿಯಾಗಿತ್ತು, ಆದರೆ ಮೇಯ್ದು ಮಲಗಿದ ಎಮ್ಮೆಯಂತೆ ಒಂದೇ ದನಿಯಲ್ಲಿ ಉಸಿರಾಡುತ್ತಿತ್ತು. ಚಿತ್ರ ಮಾತ್ರ ಬಿಳಿಯದರದೇ ಹೆಚ್ಚು ಬೆಳ್ಳಗೆ, ಹೆಚ್ಚು ಚೊಕ್ಕ. ಅದನ್ನು ಅವಳೂ ಒಪ್ಪಿದಳು.

"ನಡುವ ಇದರ ದೀಪ ಹೋದ್ರ?"

"ಒಳಗ ಒಂದೇ ದೀಪ. ಹೋದ್ರ ಕತ್ತಲಿ," ಎಂದ ಚಂದಪ್ಪ. "ಬ್ಯಾರೇದು ಬೊಂಬಾಯಿಲಿಂದ ಬರಬೇಕು."

"ಅದರದು?"

"ಅದಕ್ಕ ಮೂರು ಅದಾವಲ್ಲ. ಒಂದು ಹೋದ್ರ ಎರಡು ಉಳೀತಾವ. ಬಣ್ಣ ಕೆಡ್ತದ, ಚಿತ್ರ ಹೋಗಂಗಿಲ್ಲ."

ಪ್ರಮಿಲಾ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. "ಕೋಣನ್ನ ಹೇರಸ್ರಿ," ಎಂದಳು.

ಸಪ್ತಾಹದ ಮೊದಲ ಬೆಳಗು, ಜನರೇಟರು ದೂರದಲ್ಲಿ ಗುಡುಗುತ್ತಿರಲು, ಅವಳು ಗೋಡೆಯ ಮೇಲೆ ಮೂರು ಬಣ್ಣಗಳನ್ನು ಕೂಡಿಸಿದಳು. ಮೊದಲು ಮೂವರು ಕೀರ್ತನಕಾರರು ಕಂಡರು: ಒಬ್ಬ ಕೆಂಪು, ಒಬ್ಬ ಹಸಿರು, ಒಬ್ಬ ನೀಲಿ, ನೀರಿನಲ್ಲಿ ಅಲುಗುವ ಬಿಂಬಗಳಂತೆ. ತಿರುಪು ತಿರುವುತ್ತ ಹೋದಂತೆ ಅವರು ಒಬ್ಬರೊಳಗೊಬ್ಬರು ಸರಿದು ಒಬ್ಬನಾದರು. ಕೇಸರಿ ರುಮಾಲಿನ, ಗಿಡ್ಡ ಮನುಷ್ಯ.

"ಅಯ್ಯ, ಗಿಡ್ಡ ಅದಾನ," ಎಂದಳು ಮಥುರಾಬಾಯಿ. ಗೋದಾಮು ನಕ್ಕಿತು. ದಿನಗಳು ಒಂದಕ್ಕೊಂದು ಕರಗಿ ಹೋದವು. ಕೆಲವರು ಗೋಡೆಗೆ ಕೈಮುಗಿದು ಹಾಗೆಯೇ ತೂಕಡಿಸಿದರು. ಎಚ್ಚರವಾದಾಗ ಬೆಳಕು ಅಲ್ಲೇ ಇರುತ್ತಿತ್ತು. ಪ್ರಮಿಲಾ ಮಷೀನಿನ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದಳು.

ಆರನೆಯ ದಿನ ಮಧ್ಯಾಹ್ನ ಕೆಂಪು ಕಣ್ಣು ಮಂಕಾಯಿತು. ನೋಡುತ್ತಿದ್ದಂತೆ ಪೂರ್ತಿ ಮುಚ್ಚಿತು. ಕೇಸರಿ ರುಮಾಲು ಕಬ್ಬಿನ ಗರಿಯ ಬಣ್ಣಕ್ಕೆ ತಿರುಗಿತು. ಮುಖ, ಕೈ, ತಾಳ ಎಲ್ಲವೂ ಭೀಮೆಯ ಮಡುವಿನ ನೀರಾದವು. ಹರಿ ಓಡಿಬಂದು ಸ್ವಿಚ್ಚಿಗೆ ಕೈ ಹಾಕಿದ.

"ಝರಾ ಬಂದ್ ಮಾಡಿ ನೋಡ್ತೇನಿ. ಐದು ನಿಮಿಷ."

ಪ್ರಮಿಲಾ ಅವನ ಮಣಿಕಟ್ಟು ಹಿಡಿದಳು. "ಮದುವ್ಯಾಗ ನಂದೊಂದು ಕೈ ಸೋತ್ರ ಲೈಟ್ ಬಂದ್ ಮಾಡ್ತಿದ್ನೇನ್ರಿ?"

ಅವನು ಕೈ ತೆಗೆದ.

ಸುದ್ದಿ ಮಂದಿರಕ್ಕೆ ಮುಟ್ಟಿ ದತ್ತಾತ್ರೇಯ ಬಾಗಿಲಿಗೆ ಬಂದ. ಅವನ ನೆರಳು ಗೋಡೆಯ ಅರ್ಧಕ್ಕೆ ಬಿತ್ತು. "ಆರಿತೇನು?" ಎಂದು ಕೇಳಿದ.

ಪ್ರಮಿಲಾ ಬಾಯಿ ತೆರೆಯುವ ಮೊದಲೇ ಮಥುರಾಬಾಯಿ, ಕಣ್ಣನ್ನು ಗೋಡೆಯಿಂದ ಕೀಳದೆ, ಹೇಳಿದಳು: "ದತ್ತೂ, ಸರದು ನಿಲ್ಲೋ. ಬೆಳಕಿಗಿ ಅಡ್ಡ ಬಂದಿ."

ಅವನು ಸರಿದ. ನೀಲಿ ಹಸಿರು ಮನುಷ್ಯ ಗೋಡೆಯ ತುಂಬ ತೋಳೆತ್ತಿ ನಿಂತಿದ್ದ. ದತ್ತಾತ್ರೇಯ ಕೆಲಹೊತ್ತು ನೋಡಿದ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಬಂದು ಹೆಂಗಸರ ಹಿಂದೆ, ಖಾಲಿ ಚೀಲದ ಮೇಲೆ ಕೂತ.

ಏಳನೆಯ ದಿನ ವೀಣೆ ದೇವರ ಮುಂದೆ ಇಳಿಯಿತು. ಗೋಡೆಯ ಮೇಲೆ ಅದನ್ನು ನೋಡಿ ಪ್ರಮಿಲಾ ಸ್ವಿಚ್ ಒತ್ತಿದಳು. ಜನ ಚದುರಿದ ಮೇಲೆ ಅತ್ತೆಯನ್ನು ಮಂದಿರದೊಳಗೆ ಕರೆದೊಯ್ದಳು. ಕೇಸರಿ ರುಮಾಲಿನ ಕೀರ್ತನಕಾರ ಗೋಡೆಗೊರಗಿ ಚಹಾ ಕುಡಿಯುತ್ತಿದ್ದ. ಮಥುರಾಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿ, ಕಾಲಿಗೆ ಬಿದ್ದು, ಹೊರಗೆ ಬಂದು ಪ್ರಮಿಲಾಳ ಕಿವಿಯಲ್ಲಿ ಅಂದಳು: "ನಮ್ಮ ಗೋದಾಮಿನ್ಯಾಗ ಭಾಳ ಚಂದ ಕಾಣ್ತಿದ್ದ."

ನಾಲ್ಕು ಜನ ಹೊತ್ತು ಮಷೀನನ್ನು ಟೆಂಪೋಗೆ ಏರಿಸುವಾಗ ದತ್ತಾತ್ರೇಯ ಬಂದು ಅದರ ಇನ್ನೂ ಬಿಸಿ ಆರದ ಬೆನ್ನನ್ನು ಮುಟ್ಟಿ ನೋಡಿದ.

"ಮುಂದಿನ ವರ್ಷ ಇದನ್ನೇ ತಾ," ಎಂದ. "ಕೆಂಪು ಕಣ್ಣು ರಿಪೇರಿ ಮಾಡಸು."

"ಹೌದ್ರಿ ಕಾಕಾ," ಎಂದಳು ಪ್ರಮಿಲಾ. ಅತ್ತೆ ಗೋದಾಮಿನ ಬಾಗಿಲಲ್ಲಿ ನಿಂತು ರಿಪೇರಿ ಬೇಡವೆಂಬಂತೆ ಕೈಯಾಡಿಸುತ್ತಿದ್ದಳು.