ಥಿಯಾಲಜಿ ಕನಕಲಕ್ಷ್ಮಿ

ಗಂಡ ತೀರಿಕೊಂಡ ಮೇಲೆ ಕನಕಲಕ್ಷ್ಮಿ ಅರಸೀಕೆರೆಯ ಭಾವನ ಮನೆ ಸೇರಿದಳು. ಗಂಡನ ಅಣ್ಣನಾದ ಈ ಅನಂತಸ್ವಾಮಿ ಧಾರ್ಮಿಕ ಉಪನ್ಯಾಸಗಳಿಗೆ ಹೆಸರಾದವನು. ಇಂಟರ್‌ಮೀಡಿಯೆಟ್ ಮುಗಿಸಿದ್ದ ಅವಳು ಬಿ.ಎ. ಪರೀಕ್ಷೆಗೆ ಕಟ್ಟುವ ಆಸೆಯಿಂದ ತತ್ತ್ವಶಾಸ್ತ್ರದ ಪುಸ್ತಕವೊಂದನ್ನು ತರಿಸಿಕೊಂಡಿದ್ದಳು. ಒಂದು ಸಂಜೆ, ಜಗುಲಿಯಲ್ಲಿ ಜನ ಕೂತಿರುವಾಗಲೇ ಕೇಳಿಬಿಟ್ಟಳು: "ಭಾವ, ಥಿಯಾಲಜಿ ಅಂದರೇನು?"

ಅವನಿಗೆ ಗೊತ್ತಿರಲಿಲ್ಲ. "ದೇವರು ನನ್ನ ಬಾಯಲ್ಲಿ ಆಡಿಸೋ ಮಾತು ಕಣೇ ಅದು. ಗಂಡನ್ನ ನುಂಗಿಕೊಂಡವಳಿಗೆ ಅದೆಲ್ಲ ಯಾಕೆ?" ಎಂದ. ಜನ ನಕ್ಕರು. ಮರುದಿನ ಪುಸ್ತಕ ಬಚ್ಚಲೊಲೆಯಲ್ಲಿ ಉರಿಯುತ್ತಿತ್ತು. ಆಮೇಲೆ ಸಾರಿಗೆ ಉಪ್ಪು ಹೆಚ್ಚಾದರೂ ಅವನದು ಒಂದೇ ಕುಹಕ: "ನಮ್ಮ ಥಿಯಾಲಜಿ ಅಡುಗೆ!"

ಅವಳು ಅಳಲಿಲ್ಲ. ಹಾಸನದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ ಹಳೇಬೀಡಿನ ಶಾಲೆಯಲ್ಲಿ ಮೇಡಂ ಆದಳು, ಬಿ.ಎ.ಯನ್ನೂ ಪಾಸು ಮಾಡಿದಳು. ಆ ಒಂದು ಪದವನ್ನು ಸಿಕ್ಕ ಸಿಕ್ಕ ನಿಘಂಟಿನಲ್ಲಿ ಹುಡುಕಿ ಬುಡಸಮೇತ ತಿಳಿದುಕೊಂಡಳು. ಭಾವನ ಉಪನ್ಯಾಸ ಹತ್ತಿರದಲ್ಲೆಲ್ಲಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ಕಾದಳು.

ಬೇಲೂರಿನಲ್ಲಿ ಅವನಿಗೆ ಸನ್ಮಾನ. ಶಾಲು ಹೊದ್ದ ಹುರುಪಿನಲ್ಲಿ ಅವನೇ ಆ ಪದ ಎತ್ತಿದ: "ಇಂಗ್ಲಿಷಿನವರ ಥಿಯಾಲಜಿ ಅಂದರೆ ದೇವರೇ ಆಡಿದ ಮಾತು. ಥಿಯೋ ಅಂದರೆ ನಮ್ಮ ದೇವನೇ!"

ಕನಕಲಕ್ಷ್ಮಿ ಎದ್ದು ನಿಂತಳು.

"ಅದು ಗ್ರೀಕ್ ಪದ. ಥಿಯೋಸ್ ಅಂದರೆ ದೇವರು, ಲೋಗೋಸ್ ಅಂದರೆ ಮಾತು, ವಿಚಾರ. ದೇವರು ಆಡಿದ್ದಲ್ಲ, ದೇವರ ಬಗ್ಗೆ ಮನುಷ್ಯರು ಆಡಿದ್ದು. ಮೊದಲು ದೇವತೆಗಳ ಕಥೆ ಕಟ್ಟೋ ಕವಿಗಳಿಗೇ ಆ ಹೆಸರಿತ್ತು, ಕ್ರೈಸ್ತರ ಶಾಸ್ತ್ರಕ್ಕೆ ಅಂಟಿದ್ದು ಆಮೇಲೆ. ಥಿಯೋಸ್‌ಗೂ ನಮ್ಮ ದೇವನಿಗೂ ನೆಂಟಸ್ತನ ಇಲ್ಲ. ಕಿವಿಗೆ ಮಾತ್ರ ಒಂದೇ ಥರ."

"ನೀನ್ಯಾರು ಕೇಳೋಕೆ?" ಅನಂತಸ್ವಾಮಿ ಗದರಿದ.

"ಗಂಡನ್ನ ನುಂಗಿಕೊಂಡವಳು, ಭಾವ. ನಿಮ್ಮ ಬಾಯಲ್ಲಿ ದೇವರೇ ಮಾತಾಡೋದಾದರೆ, ನನ್ನ ಪುಸ್ತಕ ಸುಡು ಅಂದದ್ದೂ ಅವನೇನಾ?"

ಅವನು ಲೋಟ ಎತ್ತಿದ, ನೀರು ಶಾಲಿನ ಮೇಲೆಲ್ಲ ಚೆಲ್ಲಿತು. ಉಪನ್ಯಾಸವನ್ನು ಅಲ್ಲಿಗೇ ಮುಗಿಸಿ ಕೂತುಬಿಟ್ಟ. ಕನಕಲಕ್ಷ್ಮಿ ಅವನ ಮುಖವನ್ನು ಕಣ್ತುಂಬ ನೋಡಿ ಹೊರಬಂದಳು. ಆ ವರ್ಷದಿಂದ ಅವನನ್ನು ಉಪನ್ಯಾಸಕ್ಕೆ ಕರೆಯುವವರು ಕಡಿಮೆಯಾದರು.

ಕೆಲವು ವರ್ಷಗಳ ನಂತರ ಅವನ ಹೆಂಡತಿ ಶ್ರೀರಂಗಮ್ಮ ಹಳೇಬೀಡಿಗೆ ಬಂದಳು. "ಹಾಸಿಗೆ ಹಿಡಿದಿದ್ದಾರೆ ಕಣೇ. ಬಂದು, ಕ್ಷಮಿಸಿದೆ ಅಂತ ಒಂದು ಮಾತು ಹೇಳಿ ಹೋಗು."

"ನಿಮಗೋಸ್ಕರ ಏನು ಬೇಕಾದರೂ ಮಾಡ್ತೀನಿ ಅಕ್ಕ, ಇದೊಂದು ಬಿಟ್ಟು."

ಊಟ ಬಡಿಸಿ, ಬಸ್ಸಿನವರೆಗೂ ಹೋಗಿ ಕಳಿಸಿಕೊಟ್ಟಳು. ಬಸ್ಸು ಜಾವಗಲ್ ರಸ್ತೆಗೆ ತಿರುಗುವಾಗ ಶ್ರೀರಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಾಣಿಸಿತು. ಕನಕಲಕ್ಷ್ಮಿಗೆ ಅವಳ ಮೇಲೆ ಮರುಕ ಹುಟ್ಟಿತು. ಆದರೂ ಅರಸೀಕೆರೆಗೆ ಹೋಗಲಿಲ್ಲ, ಅವನು ಸತ್ತಾಗಲೂ.