ಅಂಗೈ ತೋರಿಸಿದರೆ ನಿಲ್ಲಬೇಕು

ಕುರೆಕುಪ್ಪದ ಪಂಪೇಶ್ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಾನೆ. ಅರವತ್ತೆರಡು ಮೆಟ್ಟಿಲು ಹತ್ತಿ ಗಾಜಿನ ಕ್ಯಾಬಿನ್ ಹೊಕ್ಕರೆ ಶಿಫ್ಟ್ ಮುಗಿಯುವವರೆಗೆ ಇಳಿಯುವಂತಿಲ್ಲ. ಕೆಳಗೆ ಕೆಂಡದಂಥ ಕಬ್ಬಿಣ, ಮೇಲೆ ಕಾದ ತಗಡು. ಹದಿನಾಲ್ಕು ವರ್ಷವಾಯಿತು. ಕಾವು ತಡೆಯಲಾಗದಾಗ ಮುಷ್ಟಿಯಿಂದ ಗಾಜು ಗುದ್ದುತ್ತಿದ್ದ. ಆ ಸದ್ದು ಯಾರಿಗೂ ಕೇಳುತ್ತಿರಲಿಲ್ಲ.

ಹುಣ್ಣಿಮೆಗೊಮ್ಮೆ ಹೊಸಪೇಟೆಯ ಬುದ್ಧವಿಹಾರಕ್ಕೆ ಹೋಗಿ ಪಂಚಶೀಲ ಹೇಳಿ ಬರುತ್ತಿದ್ದ. ಹಿಂಸೆ ಮಾಡುವುದಿಲ್ಲ ಎಂಬುದೇ ಅದರಲ್ಲಿ ಮೊದಲ ಮಾತು. ಹೇಳಿ ಬಂದವನು ಮನೆಯವರ ಮೇಲೆ ಹಾರಾಡುತ್ತಿದ್ದ.

ಕ್ರೇನಿನವರಿಗೆ ಒಂದು ನಿಯಮವಿದೆ. ಎತ್ತು, ಇಳಿಸು ಎಂಬ ಸನ್ನೆಯನ್ನು ಕೆಳಗೆ ಅದಕ್ಕೆಂದೇ ನೇಮಕವಾದವನೊಬ್ಬನೇ ಮಾಡಬೇಕು. ಆದರೆ ಸಾಕು ಎಂದು ಯಾರು ಅಂಗೈ ತೋರಿಸಿದರೂ, ಕಸ ಗುಡಿಸುವವರೇ ತೋರಿಸಿದರೂ, ಮೊದಲು ನಿಲ್ಲಿಸಬೇಕು. ಯಾಕೆಂದು ಕೇಳುವುದು ಆಮೇಲೆ. ಇದನ್ನು ಮನೆಯಲ್ಲಿ ಅವನೇ ಹೆಮ್ಮೆಯಿಂದ ಹೇಳಿದ್ದ.

ಮೊನ್ನೆ ರೊಟ್ಟಿ ಆರಿದೆಯೆಂದು ಹೆಂಡತಿ ಅನುಸೂಯಾಳ ಮೇಲೆ ತಾಟು ಎತ್ತಿದ. ಮೂಲೆಯಲ್ಲಿ ಕೂತಿದ್ದ ತಾಯಿ ಎರ್ರೆಮ್ಮ ಅಂಗೈ ತೋರಿಸಿದಳು. ಅವನ ಕೈ ಗಾಳಿಯಲ್ಲೇ ನಿಂತಿತು.

"ಯಾಕವ್ವಾ?" ಎಂದ.

"ಹುಣ್ಣಿಮಿಗೊಮ್ಮೆ ಹೋಗಿ ಪಂಚಶೀಲ ಹೇಳಿ ಬರ್ತೀಯಲ್ಲ, ಅದಕ್ಕ. ಹೇಳಿದ್ದು ಭಾಳ ಆತಪ್ಪ. ಇನ್ನ ಅದರ ಮಾತು ಕೇಳು."

ಮರುದಿನ ಮತ್ತೆ ಅದೇ ಮೆಟ್ಟಿಲು, ಅದೇ ಗಾಜು, ಅದೇ ಕಾವು. ಮಧ್ಯಾಹ್ನದ ಹೊತ್ತಿಗೆ ಮುಷ್ಟಿ ತಾನಾಗಿ ಮೇಲೆದ್ದಿತು. ಪಂಪೇಶ್ ಅದನ್ನು ಮೆಲ್ಲಗೆ ಬಿಡಿಸಿ, ಅಂಗೈಯನ್ನು ತನಗೇ ತೋರಿಸಿಕೊಂಡ.