ಹೊಗೆಯಿಲ್ಲದ ಕೆಂಡ

ಚೊಚ್ಚಲ ಬಾಣಂತನಕ್ಕೆ ನಾನು ಸೋಲಾಪುರದಿಂದ ಅಕ್ಕಲಕೋಟೆಯ ತವರಿಗೆ ಬಂದದ್ದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ. ತವರು ಅಂದರೆ ತಂಪು ಅನ್ನುವವರು ನಮ್ಮ ಮನೆಯ ಒಳಕೋಣೆಯಲ್ಲಿ ನಲವತ್ತು ದಿನ ಮಲಗಿ ನೋಡಬೇಕು. ಮಾಡಿನ ಹತ್ತಿರ ಒಂದೇ ಒಂದು ಸಣ್ಣ ಕಿಟಕಿ, ಅದಕ್ಕೂ ಅವ್ವ ಹಳೆ ಸೀರೆ ಹರಿದು ತುರುಕಿದ್ದಳು. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ಎಣ್ಣೆ ಕುಡಿದ ಸ್ಕಾರ್ಫು. ಬಾಣಂತಿಗೆ ಗಾಳಿ ಸೋಕಿದರೆ ಮುಪ್ಪಿನಲ್ಲಿ ಕೀಲು ಕೀಲು ನೋಯುತ್ತವೆ ಎಂದು ಅವಳ ನಂಬಿಕೆ. ಓಣಿಯ ಎಷ್ಟೋ ಬಾಣಂತನ ಮಾಡಿದ ಕೈ ಅದು, ಎದುರಾಡುವ ಹಾಗಿರಲಿಲ್ಲ. ಆದರೂ ನಾನು ಎದುರಾಡಿದೆ. "ಒಂದ್ ತಾಸು ಹೊರಗ ಕುಂದರ್ತೀನಿ ಅವ್ವಾ, ಜೀವ ಚಡಪಡಸ್ತೈತಿ" ಎಂದು ದಿನಕ್ಕೆ ನಾಲ್ಕು ಸಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮೈಗೆ ಬಿಸಿನೀರು ಹಾಕಿದ ಮೇಲೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಶೆಗಡಿ ಇಡುವುದು ಪದ್ಧತಿ. ತಗಡಿನ ಒಲೆ, ಅದರ ತುಂಬ ಇದ್ದಲಿ, ಮೇಲೊಂದು ಹಿಡಿ ಓಮಿನ ಕಾಳು. ತಾಯಿಗೂ ಕೂಸಿಗೂ ಆ ಕಾವು. ಹೊಗೆಗೆ ಕಣ್ಣು ಉರಿಯುತ್ತಿದ್ದವಾದ್ದರಿಂದ ಅಷ್ಟು ಹೊತ್ತು ಮಾತ್ರ ಅವ್ವ ಬಾಗಿಲನ್ನು ಅರ್ಧ ತೆರೆದಿಡುತ್ತಿದ್ದಳು. ಆ ಅರ್ಧ ಬಾಗಿಲಲ್ಲಿ ಕಾಣುವ ಅಂಗಳ, ತುಳಸಿ, ಒಣಗಲು ಹಾಕಿದ ಅರಿವೆ ನೋಡುತ್ತ ನಾನು ದಿನ ದೂಡುತ್ತಿದ್ದೆ.

ಆಗ ಮಸ್ಕತ್‌ನಲ್ಲಿ ಕಾರಕೂನನಾಗಿದ್ದ ಅಣ್ಣ ರಜೆಗೆ ಬಂದ. ಕಂಬಳಿ, ಸೆಂಟಿನ ಜೊತೆ ಪೇಢೆ ಡಬ್ಬಿಯ ಮುಚ್ಚಳದಷ್ಟು ಒಂದು ಬಿಳಿ ಯಂತ್ರ ತಂದಿದ್ದ. ಹೊಗೆ ತಾಗಿದರೆ ಒದರುತ್ತದೆ, ಬೆಂಕಿ ಹತ್ತಿದರೆ ಮನೆಯವರನ್ನು ಎಬ್ಬಿಸುತ್ತದೆ. ಅಂಗಡಿಯಲ್ಲಿ ಇನ್ನೊಂದು ನಮೂನೆಯದೂ ಇತ್ತಂತೆ. ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದ ಕೆಟ್ಟ ಗಾಳಿಯನ್ನು ಹಿಡಿಯುವಂಥದು. "ಕಾಣಲಾರದ್ದಕ್ಕ ಯಾರು ಅಂಜ್ತಾರ? ಅದನ್ನ ಬಿಟ್ಟು ಇದನ್ನ ತಂದೀನಿ" ಅಂದ.

ಎಲ್ಲಿ ಹಾಕುವುದೆಂಬುದು ಎರಡು ದಿನದ ಪಂಚಾಯ್ತಿ. ಅಡುಗೆಮನೆಯಲ್ಲಿ ಬೇಡ, ಮಲಗುವ ಕಡೆ ಮಾಡಿಗೆ ಹಚ್ಚಿ ಎಂದು ಜೊತೆಗಿದ್ದ ಚೀಟಿ ಹೇಳುತ್ತಿತ್ತು. ಅವ್ವನಿಗೆ ಅದು ದೇವರ ಕೋಣೆಯಲ್ಲಿ ಇರಬೇಕು, ಬಂದುಹೋಗುವವರ ಕಣ್ಣಿಗೆ ಬೀಳಬೇಕು. ಅಲ್ಲೇ ಹಾಕಿದರು, ಮೊದಲ ಲೋಬಾನದ ಹೊಗೆಗೇ ಅದು ಓಣಿಯನ್ನೆಲ್ಲ ಎಬ್ಬಿಸಿತು. "ದಿನಾ ಬೆಂಕಿ ಇರೋದು ಬಾಣಂತಿ ಕೋಣ್ಯಾಗ" ಎಂದು ಅಣ್ಣ ಅದನ್ನು ತಂದು ನನ್ನ ನೆತ್ತಿಯ ಮೇಲಿನ ತೊಲೆಗೆ ಜಡಿದ.

ಮರುದಿನ ಶೆಗಡಿ ಒಳಗೆ ಬಂತೋ ಇಲ್ಲವೋ, ಅದು ಕಿರುಚಿತು. ಕೂಸು ಬೆಚ್ಚಿಬಿದ್ದು ಅತ್ತಿತು. ಅವ್ವ ಹಾಗೆಲ್ಲ ಸೋಲುವವಳಲ್ಲ. ಅಂದಿನಿಂದ ಇದ್ದಲಿಯನ್ನು ಅಂಗಳದಲ್ಲೇ ಹೊತ್ತಿಸಿ, ಮೊರದಿಂದ ಬೀಸಿ ಬೀಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಅಂದ ಮೇಲೆ ಒಳಗೆ ತಂದಳು. ಓಮಿನ ಕಾಳನ್ನೂ ಬಿಟ್ಟಳು. ಯಂತ್ರ ಗಪ್ಪಾಯಿತು. "ನೋಡು, ಹೊಗಿ ಇಲ್ಲ, ಏನಿಲ್ಲ. ಇನ್ನ ಬಾಗಲಾ ಯಾಕ ತೆರೀಬೇಕು?" ಎಂದು ಹೊಸ್ತಿಲ ಸಂದಿಗೂ ಗೋಣಿತಟ್ಟು ಒತ್ತಿದಳು. ಗಾಳಿಗೆ ಬಾಗಿಲು ತೆರೆದುಕೊಳ್ಳುತ್ತದೆಂದು ಹೊರಗಿನಿಂದ ಕೊಂಡಿ ಹಾಕಿದಳು. ನನ್ನ ಅಂಗಳವೂ ಹೋಯಿತು. ಆ ಯಂತ್ರದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೂರನೆಯ ದಿನ ಅಣ್ಣ ಸೋಲಾಪುರಕ್ಕೆ ಹೋಗಿದ್ದ. ನೀರು ಹಾಕಿ, ಶೆಗಡಿ ಇಟ್ಟು, ಅವ್ವ ಅರಿವೆ ಒಗೆಯಲು ಹೋದಳು. ಸ್ವಲ್ಪ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ಬಿಸಿನೀರಿನ ಝಳ ಇರಬೇಕೆಂದು ಸುಮ್ಮನಿದ್ದೆ. ಹಾಲು ಕುಡಿಸಲು ಕೂಸನ್ನು ಎತ್ತಿದರೆ ಅದು ಬಾಯಿ ತೆರೆಯಲಿಲ್ಲ. ಅದರ ಕೈ ಎತ್ತಿ ಬಿಟ್ಟೆ, ಪಟ್ಟನೆ ಬಿತ್ತು. ಏಳಲು ಹೋದರೆ ಕಾಲು ನನ್ನವಾಗಿರಲಿಲ್ಲ. ಮೇಲೆ ಯಂತ್ರದ ಕೆಂಪು ದೀಪ ಸಮಾಧಾನದಿಂದ ಮಿನುಗುತ್ತಿತ್ತು. ಕೂಸು ಸಾಯುತ್ತಿದೆ ಎಂದು ನನಗೆ ಖಾತ್ರಿಯಾಯಿತು, ಯಾಕೆಂದು ಮಾತ್ರ ತಿಳಿಯಲಿಲ್ಲ.

ಕೂಸನ್ನು ಎದೆಗವಚಿಕೊಂಡು ತೆವಳಿ ಹೋಗಿ ಬಾಗಿಲು ಬಡಿದೆ. "ಅವ್ವಾ, ತೆಗಿ" ಎಂದು ಕೂಗಿದೆ. ಹೊರಗೆ ಕಲ್ಲಿನ ಮೇಲೆ ಅರಿವೆ ಒಗೆಯುವ ಸದ್ದು ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. ಇನ್ನೂ ಬಡಿದೆ. ಕೈಯಲ್ಲಿ ಬಲ ಉಳಿಯಲಿಲ್ಲ.

ನನ್ನ ಕೂಗಿಗೆ ಬಾರದವಳು ಆ ಯಂತ್ರದ ಕೂಗಿಗೆ ಬರುತ್ತಾಳೆ ಎಂದು ಹೊಳೆದದ್ದು ಆಗ. ಗೋಣಿತಟ್ಟು ಕಿತ್ತು, ಕೂಸಿನ ಮುಖ ಹೊಸ್ತಿಲ ಸಂದಿಗೆ ಬರುವಂತೆ ಮಲಗಿಸಿದೆ. ಶೆಗಡಿಯ ತನಕ ಮತ್ತೆ ತೆವಳಿ, ತಲೆಯ ಸ್ಕಾರ್ಫು ಬಿಚ್ಚಿ ಕೆಂಡದ ಮೇಲೆ ಒಗೆದೆ. ಎಣ್ಣೆಯ ಬಟ್ಟೆ, ದಟ್ಟ ಹೊಗೆ ಎದ್ದಿತು. ಯಂತ್ರ ಕಿರುಚಿತು.

ಕೊಂಡಿ ತೆಗೆದ ಅವ್ವನ ಕೈಯಲ್ಲಿ ಯಂತ್ರವನ್ನು ಬಡಿಯಲು ಕಸಬರಿಗೆ ಇತ್ತು. "ಮತ್ತೇನ್ ಸುಟ್ಟಿ?" ಅನ್ನುತ್ತಿದ್ದವಳು ಕಾಲ ಬಳಿ ಕೂಸನ್ನು ಕಂಡು ಕಸಬರಿಗೆ ಒಗೆದಳು. ಎತ್ತಿಕೊಂಡು ಅಂಗಳಕ್ಕೆ ಓಡಿದಳು. ನಾನು ಹೊಸ್ತಿಲ ತನಕ ತೆವಳಿ ಅದರ ಮೇಲೆ ಬಿದ್ದು, ಕೂಸಿನ ದನಿಗಾಗಿ ಕಾದೆ. ಎಷ್ಟು ಹೊತ್ತೋ, ಕೊನೆಗೆ ಸಣ್ಣಗೆ ಅತ್ತಿತು.

ಡಾಕ್ಟರರು ಬಂದು ನೋಡಿದರು. ಕೆಂಡಕ್ಕೆ ಹೊಗೆ ಇಲ್ಲದಿದ್ದರೂ ವಿಷ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಸುಮ್ಮನೆ ಮಲಗಿಸಿ ಕೊಲ್ಲುತ್ತದೆ ಎಂದರು. ಅವ್ವ ತಲೆ ತಗ್ಗಿಸಿ ಕೇಳಿದಳು. ನನ್ನ ಹೊರಸು ಪಡಸಾಲೆಗೆ ಬಂತು.

ಸಂಜೆ ಅವಳು ನನ್ನ ಕಾಲ ಬಳಿ ಕುಳಿತಳು. ಸೆರಗು ಮಡಚುತ್ತ ಬಿಚ್ಚುತ್ತ ಅಂದಳು: "ನೀ ಬಾಗಲಾ ಬಡದದ್ದು ನನಗ ಕೇಳಿತ್ತು. ಹೊರಗ ಬರಾಕ ಹಠಾ ಮಾಡಾಕತ್ತೀ ಅಂತ ತಿಳದೆ."

ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಕೊಡಲಿಲ್ಲ.